ಕಾರ್ಡಿನೊಳಗಿನ ಕಲ್ಲುಕೂಸು

ನಮ್ಮ ಕಾಕಾ ಪಂಪಣ್ಣ ಹೇಳುವ ಜಪಾನಿನ ಕಥೆ ಹೊಸಪೇಟೆಯಲ್ಲಿ ಬಹಳ ಮಂದಿಗೆ ಬಾಯಿಪಾಠವಾಗಿದೆ. ಅಲ್ಲಿ ರೈಲು ಒಂದು ಗಳಿಗೆಯೂ ತಡವಾಗುವುದಿಲ್ಲ. ರಸ್ತೆಯ ಮೇಲೆ ರೊಟ್ಟಿ ಹಾಸಿಕೊಂಡು ಉಣ್ಣಬಹುದು. ಜನಕ್ಕೆ ಸಿಟ್ಟೇ ಬರುವುದಿಲ್ಲ. ಮತ್ತು ಉಕ್ಕಿನ ಕಂಪನಿಯವರ ಜತೆಗಿನ ಮಾತುಕತೆಗೆ ಅವನು ತಡವಾಗಿ ಹೋದದ್ದು, ಜತೆಗಿದ್ದ ಅಣ್ಣನ ಮಗಳು ಇಸ್ಪೀಟಿನಂಥ ಚಿತ್ರದ ಎಲೆಗಳನ್ನು ಹಿಡಿದುಕೊಂಡು ಗುಡಿ ಗುಂಡಾರ ಅಲೆದದ್ದರಿಂದ.

ಆ ಅಣ್ಣನ ಮಗಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಿಂತು ನಿಂತು ಅಭ್ಯಾಸವಾದದ್ದರಿಂದ, ಎದುರು ಪಕ್ಷದ ಮಾತನ್ನು ಮೊದಲು ಒಪ್ಪಬಹುದಾದಷ್ಟು ಒಪ್ಪಿಬಿಡುತ್ತೇನೆ. ರೈಲು ತಡವಾಗುವುದಿಲ್ಲ, ನಿಜ. ಅದರೊಳಗೆ ನಿಂತಲ್ಲೇ ನಿದ್ದೆ ಹೋಗುವ ಜನರನ್ನು ಕಾಕಾ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಸ್ತೆ ಸ್ವಚ್ಛ, ನಿಜ. ಸಂಡೂರಿನಿಂದ ಇಳಿಯುವ ಲಾರಿಗಳ ಕೆಂಪು ಧೂಳು ಕುಡಿದು ಬೆಳೆದವರಿಗೆ ಯಾವ ರಸ್ತೆಯೂ ಸ್ವಚ್ಛವೇ. ಸಿಟ್ಟು ಬರುವುದಿಲ್ಲ ಎಂಬುದಕ್ಕೆ ಸಾಕ್ಷಿ ಸಾಲದು. ನಾವಿದ್ದದ್ದೇ ಒಂದು ವಾರ, ಅವರ ಭಾಷೆಯೂ ನಮಗೆ ಬರದು. ನಾನು ಎಲೆಗಳನ್ನು ಹಿಡಿದು ಅಲೆದದ್ದೂ ನಿಜ. ತಡವಾದದ್ದು ಮಾತ್ರ ನನ್ನಿಂದಲ್ಲ.

ಹಂಪಿ

ಎಲೆಗಳ ಕಥೆ ಮೊದಲು. ಹೊಳೆಯಾಚೆ ನನ್ನ ಗೆಳತಿಯ ಮನೆಯವರ ಗೆಸ್ಟ್ ಹೌಸ್ ಇದೆ. ಅಲ್ಲಿ ಡ್ಯಾನ್ ಎಂಬ ಇಂಗ್ಲೆಂಡಿನ ಹುಡುಗ ತಿಂಗಳುಗಟ್ಟಲೆ ಠಿಕಾಣಿ ಹೂಡಿದ್ದ. ಬಾಳೆತೋಟದ ನೆರಳಿನಲ್ಲಿ ಚಾಪೆ ಹಾಸಿ, ಬಂದವರನ್ನೆಲ್ಲ ಕೂರಿಸಿಕೊಂಡು ಒಂದು ಆಟ ಆಡಿಸುತ್ತಿದ್ದ. ಇಸ್ಪೀಟಿನಷ್ಟೇ ದೊಡ್ಡ ಕಾರ್ಡುಗಳು. ಒಂದೊಂದರ ಮೇಲೂ ಒಂದು ಚಿತ್ರ: ಎರಡು ಕಾಲಿನ ಮೇಲೆ ನಿಂತು ಖಡ್ಗ ಹಿಡಿದ ಬಿಳಿ ನರಿ, ತಲೆಯ ಮೇಲೆ ನೀರಿನ ಬಟ್ಟಲಿರುವ ಹೊಳೆಯ ಪ್ರಾಣಿ, ಒಂದೇ ಕಾಲು ಒಂದೇ ಕಣ್ಣಿನ ಹಳೇ ಛತ್ರಿ. ಚಿತ್ರದ ಕೆಳಗೆ ಆ ಪ್ರಾಣಿಗೆ ಎಷ್ಟು ಬಲ, ಅದು ಏನು ಮಾಡಬಲ್ಲದು ಎಂಬ ವಿವರ. ಅದರ ಕೆಳಗೆ ವಾರೆ ಅಕ್ಷರದಲ್ಲಿ ಅದರ ಪುರಾಣ, ಎರಡೇ ಸಾಲು.

ಆಟಕ್ಕಿಂತ ನನ್ನನ್ನು ಕೆಣಕಿದ್ದು ಆ ಎರಡು ಸಾಲು. ಡ್ಯಾನ್ ಹೇಳಿದ, ಇದೆಲ್ಲ ಜಪಾನಿನ ನಿಜವಾದ ನಂಬಿಕೆ, ಆಟ ಮಾಡಿದವರು ಓದಿ, ಹುಡುಕಿ, ಬರೆದಿದ್ದಾರೆ. ನಾನು ಕೇಳಿದೆ, ನೀನು ಜಪಾನ್ ನೋಡಿದ್ದೀಯಾ? ಇಲ್ಲ. ಆಟ ಮಾಡಿದವರು? ಗೊತ್ತಿಲ್ಲ. ಹಾಗಾದರೆ ಆಧಾರ ಏನು? ಅವನು ನಕ್ಕ. ಊರಿಗೆ ಹೊರಟಾಗ ಆ ಪೆಟ್ಟಿಗೆಯನ್ನು ನನ್ನ ಕೈಗೆ ಹಾಕಿ, ನೀನೇ ಹೋಗಿ ಕೇಳು ಅಂದ.

ಕಾಕಾ ಒಮ್ಮೆ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ. "ಏನಬೇ, ಎಲಿ ಆಡಾಕ ಹತ್ತೀದಿ? ನಿಮ್ಮಪ್ಪ ನೋಡಿದ್ರ ನನ್ನ ಚರ್ಮ ಸುಲೀತಾನ, ನಾನ ಕಲಿಸೀನಿ ಅಂತಾನ."

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದರಲ್ಲೇ ಅಗ್ಗದ ಕಾರ್ಡು. ಬೋಳುತಲೆಯ, ಕೊರಳಿಗೆ ಕೆಂಪು ಬಟ್ಟೆ ಕಟ್ಟಿಕೊಂಡ, ಮುಗುಳ್ನಗುವ ಒಂದು ಕಲ್ಲುಕೂಸು. ದಾರಿಯಲ್ಲಿರುವವರನ್ನು ಕಾಯುತ್ತಾನೆ ಎಂದು ಕೆಳಗೆ ಬರೆದಿತ್ತು. ಆಟದಲ್ಲಿ ಅದನ್ನು ಬಲಿ ಕೊಟ್ಟರೆ ನಿಮ್ಮ ದೊಡ್ಡ ಯೋಧ ಉಳಿದುಕೊಳ್ಳುತ್ತಾನೆ. ಇಷ್ಟು ಸಣ್ಣದನ್ನು ಕೊಟ್ಟು ಅಷ್ಟು ದೊಡ್ಡದನ್ನು ಉಳಿಸಿಕೊಳ್ಳುವುದು ನನಗೆ ಬಹಳ ಜಾಣತನದ ನಡೆ ಎನ್ನಿಸುತ್ತಿತ್ತು.

ಹೊಸಪೇಟೆ

ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಕಾಕಾ ಆಗ ಅದಿರಿನ ವ್ಯಾಪಾರಕ್ಕೆ ಇಳಿದಿದ್ದ. ಯಾರಿಳಿದಿರಲಿಲ್ಲ? ಆ ವರ್ಷಗಳಲ್ಲಿ ಮೈನ್ಸ್ ಮಾಡಲು ಗುಡ್ಡವೇ ಬೇಕಿರಲಿಲ್ಲ. ಜೋಳ ಬೆಳೆಯುವ ಹೊಲದ ಮೇಲುಮಣ್ಣು ಸರಿಸಿದರೆ ಅದಿರಿನ ಕಲ್ಲು ಸಿಗುತ್ತಿತ್ತು, ಮಷಿನ್ ಇಳಿಸಿ ತೋಡಿ ಲಾರಿಗೆ ತುಂಬಿದರೆ ಆಯಿತು. ಗಾದಿಗನೂರಿನ ಹತ್ತಿರ ಕಾಕಾನಿಗೆ ಎರಡು ಹೊಲ. ಒಂದನ್ನು ಆಗಲೇ ತೋಡಿ ಮುಗಿದಿತ್ತು. ಇನ್ನೊಂದು ಬನ್ನಿಗಿಡದ ಹೊಲ. ಅದನ್ನು ಮುಟ್ಟಲು ಕಾಕಾನ ಹೆಂಡತಿ, ನನ್ನ ಚಿಗವ್ವ, ಬಿಡುತ್ತಿರಲಿಲ್ಲ.

"ಯಾಕ ಚಿಗವ್ವ?" ಎಂದು ನಾನೇ ಕೇಳಿದ್ದೆ.

"ಬ್ಯಾಡ ಅಂದೆನಲ್ಲಬೇ."

"ಕಾರಣ ಹೇಳು."

"ಎಲ್ಲಾ ತೋಡ್ಕೊಳ್ರಿ. ಅದೊಂದು ಬ್ಯಾಡ."

ಕಾರಣವಿಲ್ಲದ ವಿರೋಧವನ್ನು ನಾನು ವಿರೋಧವೆಂದು ಎಣಿಸುವವಳಲ್ಲ. ಗಿಡದ ಬುಡದಲ್ಲಿ ಯಾವುದೋ ದೇವರೋ ದೆವ್ವವೋ ಇದೆ ಎಂದು ಅವಳ ತವರಿನ ಕಡೆಯವರು ತಲೆಗೆ ತುಂಬಿರಬೇಕು ಅಂದುಕೊಂಡೆ.

ಆ ಹೊತ್ತಿಗೆ ಜಪಾನಿನ ಒಂದು ಉಕ್ಕಿನ ಕಂಪನಿಯ ಜತೆ ನೇರವಾಗಿ ಮಾತಾಡುವ ದಾರಿ ಕಾಕಾನಿಗೆ ಸಿಕ್ಕಿತು. ಇಂಗ್ಲಿಷ್ ಮಾತಿಗೆ ನಾನು ಬೇಕಾದೆ. ಹೊರಡುವ ಮುಂಚೆ ಚಿಗವ್ವನನ್ನು ಅವಳ ತವರು ಎಮ್ಮಿಗನೂರಿಗೆ ಕಳಿಸಿದ. ಬೆಂಗಳೂರಿಗೆ ಹೋಗುವ ಕಾರಿನಲ್ಲಿ ನನಗೊಬ್ಬಳಿಗೇ ಹೇಳಿದ: "ಗುರುವಾರ ಮುಂಜಾನೆ ಬನ್ನಿಗಿಡದ ಹೊಲಕ್ಕ ಮಷಿನ್ ಬರ್ತಾವ. ಅಕಿ ಎಮ್ಮಿಗನೂರಾಗ, ನಾ ಜಪಾನದಾಗ. ಮ್ಯಾಲ ಬಯ್ಯೋದು ಬಯ್ಲಿ, ಕೆಲಸ ಮುಗದಿರತೈತಿ."

"ಚಲೋ ಮಾಡ್ದಿ ಕಾಕಾ," ಅಂದೆ. "ದೆವ್ವಕ್ಕ ಹೆದ್ರಿ ಅದಿರು ಬಿಡ್ತಾರೇನು?"

ಎದುರಿಗೆ ಲಾರಿಗಳ ಸಾಲು ಬರುತ್ತಿತ್ತು, ಅವನು ಕಿಟಕಿ ಏರಿಸಿದ.

ಒಸಾಕಾ

ಮೊದಲ ಆಘಾತ ವಿಮಾನ ನಿಲ್ದಾಣದಲ್ಲೇ. ಕಾಕಾನ ಚೀಲದಲ್ಲಿ ಎರಡು ಪ್ಲಾಸ್ಟಿಕ್ ಪೊಟ್ಟಣಗಳಿದ್ದವು: ಒಂದರಲ್ಲಿ ಅದಿರಿನ ಪುಡಿಯ ಸ್ಯಾಂಪಲ್, ಇನ್ನೊಂದರಲ್ಲಿ ಚಿಗವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ. ಎರಡೂ ಕೆಂಪು. ಬಿಳಿ ಕೈಗವಸಿನ ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು, ಇದೇನು ಎಂದು ಕೇಳಿದ. ನಾನು ಹೇಳಿದೆ, ಒಂದು ಕಬ್ಬಿಣ, ಒಂದು ಊಟ. ಯಾವುದು ಯಾವುದು? ನಾನು ಬಾಯಿ ತೆರೆಯುವ ಮೊದಲೇ ಅವನು ಚಟ್ನಿಪುಡಿಯ ಪೊಟ್ಟಣವನ್ನು ಬಿಚ್ಚಿ ಮೂಗಿನ ಹತ್ತಿರ ಒಯ್ದ. ಅವನ ಸೀನು ನಿಂತ ಮೇಲೆ ತಲೆಬಾಗಿ ಕ್ಷಮೆ ಕೇಳಿದ. ಸೀನಿದವನೇ ಕ್ಷಮೆ ಕೇಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹೊರಗೆ ಹಯಾಶಿ-ಸಾನ್ ಕಾದಿದ್ದರು. ಕಂಪನಿಯವರು ನಮಗಾಗಿ ಗೊತ್ತು ಮಾಡಿದ್ದ ದುಭಾಷಿ. ಐವತ್ತು ದಾಟಿದ, ಸಣ್ಣ ದನಿಯ ಹೆಂಗಸು, ಇಂಗ್ಲಿಷನ್ನು ತೂಗಿ ತೂಗಿ ಆಡುವವರು. ರೈಲಿನಲ್ಲಿ ಕೂತ ಕೂಡಲೇ ನಾನು ಪೆಟ್ಟಿಗೆ ತೆಗೆದೆ. ಅವರು ಮುಚ್ಚಳದ ಮೇಲಿನ ಹೆಸರನ್ನು ಎರಡು ಸಲ ಓದಿದರು.

"ಇದು ಯಾವ ಭಾಷೆ?"

"ಜಪಾನೀ," ಅಂದೆ.

"ಮೊದಲ ಅರ್ಧ ಜಪಾನೀ ಪದ. ಕೊನೆಯ ಅರ್ಧವೂ ಜಪಾನೀ ಪದ. ಎರಡೂ ಸೇರಿದರೆ ಜಪಾನೀ ಅಲ್ಲ."

ಡ್ಯಾನ್ ಸೋತ ಎಂದು ನನಗೆ ಖುಷಿಯಾಯಿತು. ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ.

ಸ್ಟೇಷನ್ನಿನ ಊಟ

ಕಾಕಾ ಮಾಂಸ ಮುಟ್ಟುವವನಲ್ಲ. ಸ್ಟೇಷನ್ನಿನ ಸಣ್ಣ ಅಂಗಡಿಯಲ್ಲಿ ದಪ್ಪ ಶಾವಿಗೆಯಂಥದ್ದರ ಮೇಲೆ ಕರಿದ ತೋಫು, ಅಂದರೆ ಸೋಯಾ ಹಾಲಿನ ಪನೀರು, ಹಾಕಿ ಕೊಟ್ಟರು. ಸಾರಿನಲ್ಲಿ ಮೀನಿನ ಅಂಶ ಇರಬಾರದೆಂದು ಹಯಾಶಿ-ಸಾನ್ ಅಡುಗೆಯವನ ಹತ್ತಿರ ಉದ್ದದ ಮಾತುಕತೆ ನಡೆಸಿ, ಬರೀ ಬಿಸಿನೀರಿನಲ್ಲಿ ಮಾಡಿಸಿದ್ದರು. ಕಾಕಾ ಚಟ್ನಿಪುಡಿ ಉದುರಿಸಿಕೊಂಡು ಉಣ್ಣುತ್ತಾ, ಇದರ ಹೆಸರೇನು ಕೇಳು ಅಂದ.

"ನರಿ ಊಟ," ಎಂದು ನಾನು ಅವರ ಉತ್ತರವನ್ನು ಕನ್ನಡಕ್ಕಿಳಿಸಿದೆ.

ಕಾಕಾ ಉಣ್ಣುವ ಕಡ್ಡಿಗಳನ್ನು ಕೆಳಗಿಟ್ಟ. "ನರೀದು ತಿನ್ನಸಾಕ ಹತ್ಯಾರೇನು?"

ನರಿಗೆ ಕರಿದ ತೋಫು ಪ್ರೀತಿ, ಅದಕ್ಕೇ ಆ ಹೆಸರು ಎಂದು ಹಯಾಶಿ-ಸಾನ್ ಬಿಡಿಸಿ ಹೇಳಿದರು. ನರಿ ಧಾನ್ಯದ ದೇವರ ದೂತ. ಗುಡಿಗಳ ಬಾಗಿಲಲ್ಲಿ ಅದರ ಕಲ್ಲಿನ ಮೂರ್ತಿ ಇರುತ್ತದೆ, ಬಾಯಲ್ಲಿ ಉಗ್ರಾಣದ ಬೀಗದ ಕೈ. ಮುಂದೆ ತೋಫು ಇಟ್ಟು ಹೋಗುತ್ತಾರೆ.

"ಮತ್ತ ನಾವೇನು ಕಮ್ಮಿ?" ಕಾಕಾ ಕಡ್ಡಿಗಳನ್ನು ಮತ್ತೆ ಎತ್ತಿಕೊಂಡ. "ನಾವೂ ಮುಂಜಾನೆದ್ದು ನರಿ ಮಾರಿ ನೋಡಿದ್ರ ಚಲೋ ಅಂತೀವಿ. ತೋಫು ಒಂದು ಕೊಡಂಗಿಲ್ಲ ಅಷ್ಟ."

ಮಾರನೆಯ ದಿನ ಕಂಪನಿಯ ಊರು ತಲುಪಿದೆವು. ಕೊಲ್ಲಿಯ ದಡದ ಊರು, ಹೆಸರು ಬೇಡ. ಅಲ್ಲಿ ಒಂದು ಕೆರೆಯ ಪಕ್ಕ ಮಕ್ಕಳಿಗೆ ಎಚ್ಚರಿಕೆಯ ಫಲಕ ಇತ್ತು. ನಮ್ಮಲ್ಲಾದರೆ ಬುರುಡೆಯ ಚಿತ್ರ ಬರೆಯುತ್ತಿದ್ದರು. ಅಲ್ಲಿ ಬರೆದದ್ದು ನನ್ನ ಕಾರ್ಡಿನ ಪ್ರಾಣಿಯನ್ನು: ಹಸಿರು ಮೈ, ಬೆನ್ನಿಗೆ ಆಮೆಯ ಚಿಪ್ಪು, ನೆತ್ತಿಯಲ್ಲಿ ನೀರಿನ ಬಟ್ಟಲು. ಅದರ ಹೆಸರು ಕಪ್ಪಾ. ಕಾರ್ಡಿನ ಪ್ರಕಾರ, ನೀವು ಅದಕ್ಕೆ ತಲೆಬಾಗಿ ನಮಸ್ಕರಿಸಿದರೆ ಅದೂ ತಲೆಬಾಗುತ್ತದೆ, ಬಟ್ಟಲಿನ ನೀರು ಚೆಲ್ಲುತ್ತದೆ, ಅದರ ಶಕ್ತಿ ಉಡುಗುತ್ತದೆ. ಮರ್ಯಾದೆಯಿಂದ ಸಾಯುವ ರಾಕ್ಷಸ ಎಲ್ಲಾದರೂ ಇರುತ್ತಾನೆಯೇ, ಇದು ಆಟದವರ ಕಟ್ಟುಕಥೆ ಎಂದು ನಾನು ಹಂಪಿಯಲ್ಲಿ ಪಂಥ ಕಟ್ಟಿದ್ದೆ.

"ಇದು ನಿಜ," ಅಂದರು ಹಯಾಶಿ-ಸಾನ್. "ನಮ್ಮಜ್ಜಿ ಹಾಗೇ ಹೇಳುತ್ತಿದ್ದರು. ಅದಕ್ಕೆ ಸೌತೆಕಾಯಿ ಇಷ್ಟ. ನಿನ್ನ ಕಾಕಾ ರಾತ್ರಿ ಉಂಡರಲ್ಲ, ಸೌತೆಕಾಯಿಯ ಅನ್ನದ ಸುರುಳಿ, ಅದಕ್ಕೆ ಅದರದೇ ಹೆಸರು."

ಕಾಕಾ ಹಿಂದಿನ ರಾತ್ರಿ ಅದನ್ನೇ ತಟ್ಟೆಗಟ್ಟಲೆ ಉಂಡಿದ್ದ. ಹೇಳಿದಾಗ ಹೊಟ್ಟೆ ಸವರಿಕೊಂಡ. "ಮೊದ್ಲ ನರಿ, ಆಮ್ಯಾಲ ನೀರಿನ ದೆವ್ವ. ಊರಿಗೆ ಹೋಗೂದರಾಗ ನಾನೂ ನಿನ್ನ ಎಲಿಯಾಗ ಬರ್ತೀನೇನಬೇ?"

ಛತ್ರಿಯ ಪುರಾಣವೂ ನಿಜವೆಂದಾಯಿತು. ಮನೆಯ ಸಾಮಾನಿಗೆ ನೂರು ವರ್ಷ ತುಂಬಿದರೆ ಅದರೊಳಗೆ ಜೀವ ಬರುತ್ತದೆ. ಅಸಡ್ಡೆ ಮಾಡಿ ಬಿಸಾಡಿದವರನ್ನು ಅದು ಕಾಡುತ್ತದೆ. ಕಾಕಾನಿಗೆ ಇದರಲ್ಲಿ ಹೆದರುವಂಥದ್ದೇನೂ ಕಾಣಲಿಲ್ಲ. ಆಯುಧಪೂಜೆಗೆ ಲಾರಿಯ ಗಾಲಿಗೆ ನಿಂಬೆಹಣ್ಣು ಇಡುವವನು ಅವನು. "ನಮ್ಮ ಲಾರಿಗೆ ಜೀವ ಬರಾಕ ಟೈಮ್ ಎಲ್ಲೈತಿ? ಸಂಡೂರು ಘಾಟ್ ಎರಡು ವರ್ಷ ಹತ್ತಿಳಿದ್ರ ಗುಜರಿಗೆ."

ನಾನು ಮಾತ್ರ ಒಳಗೊಳಗೆ ಕುಗ್ಗುತ್ತಿದ್ದೆ. ಸುಳ್ಳೆಂದು ನಾನು ವಾದಿಸಿದ್ದೆಲ್ಲ ನಿಜವಾಗುತ್ತಿತ್ತು. ಉಳಿದದ್ದು ಒಂದೇ ಕಾರ್ಡು.

ಬೆಟ್ಟದ ಗುಡಿ

ಗುರುವಾರ ಬೆಳಿಗ್ಗೆ ಮಾತುಕತೆಗೆ ಮುಂಚೆ ಸ್ವಲ್ಪ ಬಿಡುವಿತ್ತು. ಕಲ್ಲುಕೂಸಿನ ಕಾರ್ಡು ತೋರಿಸಿ, ಇಂಥದ್ದು ಹತ್ತಿರದಲ್ಲೆಲ್ಲಾದರೂ ಇದೆಯೇ ಎಂದು ಕೇಳಿದೆ. ಹಯಾಶಿ-ಸಾನ್ ಗಡಿಯಾರ ನೋಡಿ, ಇದೆ ಅಂದರು. ಕಚೇರಿಯ ಹಿಂದಿನ ಗುಡ್ಡ ಹತ್ತಿದೆವು.

ಗುಡಿಯ ಹಿಂಬದಿಯ ಇಳಿಜಾರಿನ ತುಂಬ ಮೊಣಕಾಲೆತ್ತರದ ಕಲ್ಲುಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಬೋಳುತಲೆ, ಎಲ್ಲಕ್ಕೂ ಅದೇ ನಗು, ಎಲ್ಲಕ್ಕೂ ಕೊರಳಲ್ಲಿ ಕೆಂಪು ಬಟ್ಟೆ. ಕೆಲವಕ್ಕೆ ಉಲ್ಲನ್ನಿನ ಟೊಪ್ಪಿಗೆ. ಮುಂದೆ ಬಣ್ಣದ ಕಾಗದದ ಗಿರಗಿಟ್ಟೆಗಳು ಗಾಳಿಗೆ ತಿರುಗುತ್ತಿದ್ದವು. ಮುಚ್ಚಳ ತೆಗೆಯದ ಹಾಲಿನ ಪುಟ್ಟ ಬಾಟಲಿಗಳೂ ಇದ್ದವು. ಸಾಲುಗಳ ನಡುವೆ ಅಲ್ಲಲ್ಲಿ ಉರುಟು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು.

"ಇಲ್ನೋಡಬೇ," ಕಾಕಾ ಹಿಗ್ಗಿ ಹೋದ. "ನಮ್ಮ ಹಂಪ್ಯಾಗ ಇದ್ದಂಗ ಐತಿ."

ಹಂಪಿಯ ಬಂಡೆಗಳ ಮೇಲೆ ಕಲ್ಲಿನ ಮೇಲೆ ಕಲ್ಲು ಇಡುವುದನ್ನು ನೀವು ನೋಡಿರುತ್ತೀರಿ. ಸ್ವಂತ ಮನೆಯಾಗಲಿ ಎಂಬ ಹರಕೆ. ಎಷ್ಟು ಕಲ್ಲು ನಿಲ್ಲುತ್ತವೋ ಅಷ್ಟು ಅಂತಸ್ತು ಎಂಬುದು ಕಾಕಾನ ಹೆಚ್ಚಿನ ನಂಬಿಕೆ. ಹೊಸಪೇಟೆಯಲ್ಲಿ ಅವನ ಹೊಸ ಮನೆಗೆ ಆಗಷ್ಟೇ ಪಾಯ ಬಿದ್ದಿತ್ತು. ಪ್ಯಾಂಟಿನ ಮಡಿಕೆ ಸರಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಚಪ್ಪಟೆ ಕಲ್ಲುಗಳನ್ನು ಆರಿಸತೊಡಗಿದ. "ಇದು ಕೆಳಗಿನ ಮನಿ. ಇದು ಮ್ಯಾಲಿನ ಮಾಳಿಗಿ. ಇದು ನಿನ್ನ ಮದ್ವಿ ಮಾಡಾಕ ದೊಡ್ಡ ಹಾಲ್."

ನಾನು ಹಯಾಶಿ-ಸಾನ್ ಕಡೆ ತಿರುಗಿ ನನ್ನ ವಿಚಾರಣೆ ಶುರುಮಾಡಿದೆ. ಆಟದಲ್ಲಿ ಇದು ಅತಿ ಅಗ್ಗದ ಕಾರ್ಡು, ಇದನ್ನು ಬಲಿ ಕೊಟ್ಟರೆ ದೊಡ್ಡ ಯೋಧ ಬದುಕುತ್ತಾನೆ, ದಾರಿಯಲ್ಲಿರುವವರನ್ನು ಕಾಯುವವನು ಎಂದು ಕೆಳಗೆ ಬರೆದಿದೆ, ಸರಿಯೇ?

ಅವರು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ದಾರಿ ಎನ್ನುವುದು ಸರಿ. ಯಾವ ದಾರಿ ಎಂದು ಇಲ್ಲಿ ಬರೆದಿಲ್ಲ." ಆಮೇಲೆ ಕಾಕಾನ ಕಡೆ ನೋಡಿ, "ಅವರು ಯಾರಿಗಾಗಿ ಇಡುತ್ತಿದ್ದಾರೆ?" ಎಂದು ಕೇಳಿದರು.

"ಮನೆಗಾಗಿ. ನಮ್ಮಲ್ಲೂ ಈ ಪದ್ಧತಿ ಇದೆ," ಎಂದು ಹೆಮ್ಮೆಯಿಂದ ಹೇಳಿದೆ.

ಅವರು ದನಿ ಇನ್ನಷ್ಟು ತಗ್ಗಿಸಿದರು. ಈ ಮೂರ್ತಿಯ ಹೆಸರು ಜಿಝೋ. ಹುಟ್ಟುವ ಮೊದಲೇ ಹೋದ, ಹುಟ್ಟಿ ಬೇಗ ಹೋದ ಮಕ್ಕಳ ಹೆಸರಿನಲ್ಲಿ ತಂದೆತಾಯಿ ನಿಲ್ಲಿಸಿದ್ದು ಇವು. ಸತ್ತವರ ಲೋಕ ಸೇರಲು ಆ ಮಕ್ಕಳು ಒಂದು ಹೊಳೆ ದಾಟಬೇಕು. ಪುಣ್ಯ ಮಾಡುವಷ್ಟು ಆಯುಷ್ಯವೇ ಇರಲಿಲ್ಲವಾದ್ದರಿಂದ ದಾಟಲಾಗುವುದಿಲ್ಲ. ದಂಡೆಯಲ್ಲಿ ಕೂತು, ಇದು ಅಪ್ಪನಿಗೆ, ಇದು ಅವ್ವನಿಗೆ ಎಂದು ಕಲ್ಲು ಪೇರಿಸುತ್ತಾರೆ. ರಾಕ್ಷಸರು ಬಂದು ಕೆಡವುತ್ತಾರೆ. ಮತ್ತೆ ಪೇರಿಸುತ್ತಾರೆ. ಜಿಝೋ ಬಂದು ಅವರನ್ನು ತನ್ನ ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಳ್ಳುತ್ತಾನೆ. ಇಲ್ಲಿ ಬಂದವರು ಒಂದು ಕಲ್ಲು ಇಟ್ಟರೆ ಯಾವುದೋ ಒಂದು ಮಗುವಿನ ಕೆಲಸ ಅಷ್ಟು ಹಗುರ.

ನನ್ನ ಕೈಯಲ್ಲಿದ್ದ ಪೆಟ್ಟಿಗೆ ಭಾರವಾಯಿತು. ಎಷ್ಟೋ ಮಧ್ಯಾಹ್ನ ಬಾಳೆತೋಟದಲ್ಲಿ ಕೂತು ನಾನು ಬಲಿ ಕೊಟ್ಟದ್ದು ಇದನ್ನೇ. ಆದರೂ ಹೊಸ ಮಾಹಿತಿ ಸಿಕ್ಕಿತಲ್ಲ ಎಂಬ ಹುರುಪಿನಲ್ಲಿ ಕಾಕಾನಿಗೆ ಕೂಗಿದೆ: "ಕಾಕಾ, ತಪ್ಪಾತು. ಇದು ಮನಿಗಲ್ಲಂತ. ಸತ್ತ ಕೂಸುಗಳಿಗಂತ." ಹೊಳೆ, ದಂಡೆ, ರಾಕ್ಷಸರು, ತೋಳು, ಎಲ್ಲವನ್ನೂ ಅನುವಾದಿಸಿದೆ.

ಕಾಕಾ ಮೇಲಿನ ಕಲ್ಲನ್ನು ಇಡಲು ಹೋದವನು ಕೈಯಲ್ಲೇ ಹಿಡಿದುಕೊಂಡ. ಏಳುತ್ತಾನೆ, ನಗುತ್ತಾನೆ ಅಂದುಕೊಂಡೆ. ಏಳಲಿಲ್ಲ.

"ಹೆಸರಿಡದ ಕೂಸಿಗೂ ಮಾಡ್ತಾರೇನು, ಕೇಳು."

ಕೇಳಿದೆ. ಇಲ್ಲಿರುವ ಎಷ್ಟೋ ಮಕ್ಕಳಿಗೆ ಹೆಸರಿಲ್ಲ ಎಂದು ಹಯಾಶಿ-ಸಾನ್ ಹೇಳಿದರು.

"ಎಷ್ಟೋ ವರ್ಷ ಆಗಿದ್ರ?"

ಆಗಿದ್ದರೂ.

ಕಾಕಾ ಕಲ್ಲನ್ನು ಇಟ್ಟ. ಇನ್ನೊಂದನ್ನು ಆರಿಸಿದ. ನನ್ನ ಕಡೆ ನೋಡದೆ ಹೇಳಿದ: "ನಿನಗಿಂತ ಮೊದ್ಲ ನಮಗೊಬ್ಬ ಹುಟ್ಟಿದ್ದ. ತೊಟ್ಟಿಲಿಗೆ ಹಾಕೂದರಾಗ ಹೋದ."

ಕಾಕಾ ಚಿಗವ್ವರಿಗೆ ಮಕ್ಕಳಾಗಲಿಲ್ಲ ಎಂದಷ್ಟೇ ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ಒಂದೇ ಮನೆಯಲ್ಲಿ ಬೆಳೆದೆ. ಅವರ ತಟ್ಟೆಯಲ್ಲಿ ಉಂಡೆ. ಯಾರೂ ಒಂದು ಮಾತು ಆಡಿರಲಿಲ್ಲ. ನನ್ನ ಬಾಯಿಂದ ಹೊರಟದ್ದು ಒಂದೇ ಪ್ರಶ್ನೆ: "ಎಲ್ಲಿ ಇಟ್ರಿ?"

"ಬನ್ನಿಗಿಡದ ಬುಡಕ. ನಿಮ್ಮಪ್ಪ ನಾನು ಇಬ್ರ ಹೋಗಿದ್ವಿ. ಅಕಿನ್ನ ಬರಗೊಡಲಿಲ್ಲ. ಎಲ್ಲಿ ಅಂತ ಆಮ್ಯಾಲ ಕೇಳಿದ್ಲು, ಹೇಳಿದೆ." ಕಲ್ಲು ಜಾರಿತು, ಮತ್ತೆ ಕೂರಿಸಿದ. "ಗುರ್ತಿಗೆ ಒಂದು ಕಲ್ಲು ಇಡ್ತೀನಿ ಅಂದಿದ್ದೆ. ಕೂಸಿಗೆ ಇಡೂದಿಲ್ಲ ಅಂದ್ರು ಹಿರ್ಯಾರು. ಸುಮ್ನಾದೆ."

ಕಾರಣ ಹೇಳು ಎಂದು ನಾನು ಚಿಗವ್ವನನ್ನು ಹಿಡಿದು ನಿಲ್ಲಿಸಿದ್ದೆನಲ್ಲ. ಕಾರಣವಿತ್ತು. ನನಗೆ ಹೇಳಲಿಕ್ಕೆ ಅವಳಿಗೆ ಮನಸ್ಸಿರಲಿಲ್ಲ ಅಷ್ಟೇ.

"ಗೊತ್ತಿದ್ದೂ ಮಷಿನ್‌ಗೆ ಹೆಂಗ ಹೇಳ್ದಿ ಕಾಕಾ?"

"ಏನು ಉಳದಿರತೈತಿ ಅಂದ್ಕೊಂಡೆ. ನಾ ಇಲ್ಲದಾಗ ಆದ್ರ ನನಗೂ ಕಾಣಂಗಿಲ್ಲ ಅಂದ್ಕೊಂಡೆ."

ಗುಡ್ಡದ ಕೆಳಗೆ ಕಂಪನಿಯ ಬಂದರು ಕಾಣುತ್ತಿತ್ತು. ಹಡಗಿನಿಂದ ಇಳಿಸಿದ ಅದಿರಿನ ಗುಡ್ಡೆಗಳು, ಕೆಂಪಗೆ, ಒಂದರ ಪಕ್ಕ ಒಂದು. ಯಾವ ದೇಶದ್ದೋ, ಯಾರ ಹೊಲದ್ದೋ. ಅಷ್ಟು ದಿನ ಅವನ್ನು ನೋಡಿದಾಗೆಲ್ಲ ನಾವು ಇನ್ನೆಷ್ಟು ಕಳಿಸಬಹುದು ಎಂಬುದೇ ತಲೆಗೆ ಬರುತ್ತಿತ್ತು. ಈಗ ಅತ್ತ ನೋಡಲಾಗಲಿಲ್ಲ.

ನಮ್ಮ ಮಾತು ಕನ್ನಡದಲ್ಲಿತ್ತು. ಹಯಾಶಿ-ಸಾನ್ ಗಡಿಯಾರದ ಪ್ರಕಾರ ನಾವು ಹೊರಡಬೇಕಾದ ಹೊತ್ತು ಮೀರಿತ್ತು, ಆದರೂ ನಿಂತೇ ಇದ್ದರು. ನಾನೇ ಅವರ ಹತ್ತಿರ ಹೋಗಿ, ಇಂಡಿಯಾಕ್ಕೆ ಒಂದು ಫೋನ್ ಮಾಡಬಹುದೇ ಎಂದು ಕೇಳಿದೆ. ಕಾಕಾನ ಎರಡೂ ಮೊಬೈಲುಗಳು ಜಪಾನಿಗೆ ಬಂದಾಗಿನಿಂದ ನೆಟ್‌ವರ್ಕ್ ಸಿಗದೆ ಸತ್ತಂತೆ ಬಿದ್ದಿದ್ದವು; ಒಳಗಿದ್ದ ನಂಬರುಗಳನ್ನು ತೋರಿಸುತ್ತಿದ್ದವು, ಅಷ್ಟೇ. ಅವರು ತಮ್ಮ ಮಡಚುವ ಫೋನನ್ನು ತೆರೆದು ನನ್ನ ಅಂಗೈಯಲ್ಲಿಟ್ಟರು. ಊರಿನ ಹೊತ್ತು ಇಲ್ಲಿಗಿಂತ ಮೂರೂವರೆ ತಾಸು ಹಿಂದೆ.

ನಾನು ಕಾಕಾನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಅವನು ಒಂದೊಂದೇ ಕಲ್ಲನ್ನು ತಿರುಗಿಸಿ ನೋಡಿ, ಧೂಳು ಒರೆಸಿ, ಪೇರಿಸುತ್ತಿದ್ದ. ಫೋನನ್ನು ಅವನ ಮುಂದೆ ಹಿಡಿದು ಕೇಳಿದೆ:

"ಕಾಕಾ, ಊರಾಗ ಇನ್ನೂ ಬೆಳಕು ಹರದಿರಂಗಿಲ್ಲ. ಮಷಿನ್‌ನವನ ನಂಬರ್ ಹೇಳ್ತೀಯೇನು?"